ಏಳನೆಯ ಚಿತ್ರದ ಗಂಟು

ತಾನೇ ಬರೆದು ಗೋಡೆಗೆ ತೂಗುಹಾಕಿದ ಹನ್ನೆರಡು ಚಿತ್ರಗಳ ಮುಂದೆ ಲೆಕ್ಕದ ಮೇಡಂ ಬೆಳಗಿನಿಂದ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದಳು. ಒಂದೊಂದರಲ್ಲೂ ತುದಿಗೆ ತುದಿ ಕೂಡಿದ, ಅರ್ಧ ಕೆಂಪು ಅರ್ಧ ಕಪ್ಪು ದಾರದ ಗಂಟು. ಕತ್ತರಿ ಮುಟ್ಟಿಸದೆ ಯಾವುದನ್ನೂ ಬಿಚ್ಚಲಾಗದು ಎಂಬುದೇ ಅವಳ ಸಂಶೋಧನೆ. ಇವೇ ಚಿತ್ರಗಳೊಡನೆ ಪ್ರಬಂಧ ಅಚ್ಚಿಗೆ ಹೋಗಿತ್ತು, ಅವಳ ಹೆಸರಿನ ಪಕ್ಕದಲ್ಲೇ ಸಂಶೋಧನೆಗೆ ದಾರಿ ತೋರಿದ ಗುರುಗಳ ಹೆಸರು. ಸಂಜೆ ಪ್ರದರ್ಶನಕ್ಕೆ ದೀಪ ಹಚ್ಚುವವರೂ ಅವರೇ.

ಅವಳ ಜೊತೆ ಬಂದಿದ್ದ ದರ್ಜಿ ಕೆಲಸದ ಅಕ್ಕ ಮೂಲೆಯಲ್ಲಿ ಕೂತು, ಹೊತ್ತು ಹೋಗದೆ, ಏಳನೆಯ ಚಿತ್ರ ನೋಡಿಕೊಂಡು ಲಾಡಿಯನ್ನು ಮೇಲೆ ಕೆಳಗೆ ಹಾಯಿಸಿ ತುದಿಗೆ ತುದಿ ಹೊಲಿದಳು. ಸುಮ್ಮನೆ ಎಳೆದರೆ ಗಂಟು ಬಿಚ್ಚಿ ಬರಿಯ ಬಳೆಯಾಯಿತು.

"ಲೇ, ಇದು ಬಿಚ್ಕೊಂಡ್ಬಿಡ್ತಲ್ಲೇ!"

"ನೀನೆಲ್ಲೋ ತಪ್ಪಿದೀಯ ಅಕ್ಕಾ."

"ಮೂವತ್ತು ವರ್ಷದಿಂದ ಲಾಡಿ ಪೋಣಿಸ್ತಿದೀನಿ, ನನಗೇ ಪಾಠಾನಾ? ನೀನೇ ಮಾಡು ನೋಡೋಣ."

ಮೇಡಂ ಕೈಯಲ್ಲೂ ಬಿಚ್ಚಿತು. ಟಿಪ್ಪಣಿ ಪುಸ್ತಕ ತೆಗೆದು ಎಳೆ ಎಳೆಯನ್ನು ದಾಟುವ ಒಂದೊಂದು ಜಾಗವನ್ನೂ ಬೆರಳಿಟ್ಟು ಎಣಿಸಿದಳು. ಲೆಕ್ಕ ಸರಿಯಾಗಿತ್ತು. ಚಿತ್ರದಲ್ಲಿ ಮಾತ್ರ, ಕೆಳಗೆ ನುಸುಳಬೇಕಿದ್ದ ಕೆಂಪೆಳೆ ಕಪ್ಪಿನ ಮೇಲೆ ಹಾದಿತ್ತು. ಆ ಮೂಲೆ ತೀರಾ ಕಪ್ಪಾಯಿತೆಂದು ಬರೆಯುವಾಗ ತಾನೇ ಅದನ್ನು ಎತ್ತಿ ಹಾಯಿಸಿದ್ದಳು. ಅಂದದ ಆಸೆ ಭಗವಂತನೇ ಕೊಟ್ಟದ್ದು, ನಿಜ. ಆದರೆ ಗುರುಗಳ ಹೆಸರಿನ ಮೇಲೆ ಆ ಆಸೆ ತೀರಿಸಿಕೊಳ್ಳಲು ಅವನು ಹೇಳಿರಲಿಲ್ಲವಲ್ಲ.

"ಅಷ್ಟೇ ತಾನೆ? ಈಗ ಬಳಿದು ಸುಮ್ನಿದ್ಬಿಡು. ಯಾರು ನೋಡ್ತಾರೆ?" ಅಂದಳು ಅಕ್ಕ.

ಮೇಡಂ ಕುಂಚ ಎತ್ತಿಕೊಂಡಳು, ಇಟ್ಟಳು, ಕಿಟಕಿಯವರೆಗೆ ಹೋಗಿ ಬಂದಳು, ಮತ್ತೆ ಎತ್ತಿಕೊಂಡಳು. ಕೆಂಪಿನ ಮೇಲೆ ಕಪ್ಪು ಹರಿಸಿದಳು. ಗಂಟು ಗಟ್ಟಿಯಾಯಿತು, ಚಿತ್ರದ ಕಳೆ ಹೋಯಿತು.

ಬಣ್ಣ ಆರುವ ಮೊದಲೇ ಗುರುಗಳು ಬಂದರು. ಏಳನೆಯದರ ಮುಂದೆ ನಿಂತು ಕನ್ನಡಕಕ್ಕಾಗಿ ಜೇಬು ತಡಕಿದರು. "ಏನಮ್ಮಾ, ಈ ಮೂಲೆ ಮಂಕಾಗಿದೆಯಲ್ಲ?"

ಅಕ್ಕ ಹಿಂದಿನಿಂದ, ಹೇಳಬೇಡ ಎಂಬಂತೆ, ಮೇಡಂ ಸೆರಗು ಜಗ್ಗಿದಳು.

"ಇದೀಗ ಸರಿಯಾಗಿದೆ, ಗುರುಗಳೇ. ಅಚ್ಚಿಗೆ ಹೋಗಿರೋದು ತಪ್ಪು. ಚೆಂದ ಕಾಣಲಿ ಅಂತ ಒಂದು ಎಳೆ ಬದಲಾಯಿಸಿದ್ದೆ."

ಜೇಬಿನಲ್ಲಿದ್ದ ಕೈ ಅಲ್ಲೇ ನಿಂತಿತು.

"ಉಳಿದ ಹನ್ನೊಂದು?"

"ಅವನ್ನಿನ್ನೂ ಹೆಣೆದು ನೋಡಿಲ್ಲ."

"ಹಾಗಾದರೆ ದೀಪ ಕಾಯಲಿ," ಎಂದು ಅವರು ಕುರ್ಚಿ ಎಳೆದುಕೊಂಡು, ಕೈಯಲ್ಲಿ ಲಾಡಿ ಹಿಡಿದಿದ್ದ ಅಕ್ಕನತ್ತ ತಿರುಗಿದರು. "ತಾಯೀ, ನಿಮ್ಮ ಹತ್ತಿರ ಇನ್ನೆಷ್ಟು ಲಾಡಿ ಇದೆ?"