ಕಣಜದ ಗೋಡೆಯ ಮೇಲೆ ಊರು

ನೆಟ್ಟಿಯ ಅಂಗಡಿ ತಲೆಕೆಳಗಾಗಿ ನೇತಾಡುತ್ತಿದೆ, ಹಸಿರು ಬಾಗಿಲು ಮೇಲೆ, ಸೂರು ಕೆಳಗೆ, ಅದಕ್ಕೂ ಕೆಳಗೆ ಅಕ್ಟೋಬರಿನ ನೀಲಿ ಆಕಾಶ ಚೆಲ್ಲಿಕೊಂಡಿದೆ — ಎಷ್ಟು ಚಂದ, ಎಂದುಕೊಂಡಳು ಸ್ಟೆಫ್ಕಾ, ಕೈ ತಾನಾಗಿಯೇ ಕೊರಳಿನ ಕ್ಯಾಮೆರಾಕ್ಕೆ ಹೋಯಿತು, ಆಮೇಲೆ ತಾನೆಲ್ಲಿದ್ದೇನೆ ಅನ್ನುವುದು ನೆನಪಾಯಿತು, ಊರಿನ ಗೋಪುರದೆತ್ತರದ ಹಳೇ ಮರದ ಕಣಜದ ಹೊಟ್ಟೆಯೊಳಗೆ, ನೆಲಕ್ಕೂ ಮಾಡಿಗೂ ನಡುವೆ, ಹಗ್ಗದ ಮೇಲೆ ಹತ್ತಿಳಿಯುವ, ಒಬ್ಬರು ನಿಂತರೆ ಮೈ ತಿರುಗಿಸಲಾಗದ ಬೋನಿನಲ್ಲಿ, ಬೋನು ಓರೆಯಾಗಿ ಸಿಕ್ಕಿಕೊಂಡಿದೆ, ಹಿಂದೆ ತಲೆಯಿಂದ ಮೇಲಕ್ಕೆ ಕೈಗೆಟುಕದ ಕಡೆ ಹಲಗೆಯ ಗಂಟು ಕಳಚಿಬಿದ್ದ ತೂತು, ಅದರಿಂದ ನುಗ್ಗಿದ ಬೆಳಕು ಎದುರು ಗೋಡೆಯ ಮೇಲೆ ರಸ್ತೆಯಾಚೆಯ ಅಂಗಡಿಯನ್ನು, ಊರನ್ನು, ಬುಡಮೇಲು ಮಾಡಿ ತಂದು ಹಾಕಿದೆ, ಕ್ಯಾಮೆರಾದೊಳಗೂ ಇಷ್ಟೇ ತಾನೇ, ಕತ್ತಲೆ, ಒಂದು ತೂತು, ಇಷ್ಟು ವರ್ಷ ಹೊರಗೆ ನಿಂತು ಇಣುಕಿದವಳು ಈಗ ಒಳಗಿದ್ದಾಳೆ, ಅಷ್ಟೇ ವ್ಯತ್ಯಾಸ. ನಗು ಬಂತು, ನಕ್ಕರೆ ಗೋಧಿಯ ದೂಳು ಗಂಟಲಿಗಿಳಿದು ಕೆಮ್ಮು, ಕೆಮ್ಮಿದರೆ ಬೋನು ಕಿರುಗುಟ್ಟುತ್ತದೆ, ಕೆಮ್ಮಬೇಡ, ಅಲುಗಬೇಡ — ಕೋಲೊಸ್ ಊರಿನವರಿಗೆ ಗೊತ್ತಾದರೆ ಚರ್ಚಿನ ಕೋಳಿಯೂಟದ ದಿನ ಪೈ ಕತ್ತರಿಸುತ್ತಾ ಆಡಿಕೊಂಡಾರು, ಕೇಳಿದೆಯಾ, ಸ್ಟೆಫ್ಕಾ ಇಲಿ ಥರ ಬೋನಿಗೆ ಬಿದ್ದಿದ್ದಳಂತೆ, ಏನು ಇಟ್ಟಿದ್ದರಂತೆ ಬೋನಿನಲ್ಲಿ, ಚೀಸೋ. ಏನೂ ಇಟ್ಟಿರಲಿಲ್ಲ. ಒಂದು ಪಟ ಬೇಕಿತ್ತು, ತುದಿಯ ಕಿಟಕಿಯಿಂದ, ಊರು, ಹಳಿ ಕಿತ್ತುಹೋದ ರೈಲುದಾರಿ, ದಿಗಂತದವರೆಗೂ ಕುಯ್ದ ಹೊಲ, ಎಲ್ಲ ಒಂದೇ ಪಟದಲ್ಲಿ, ಬಸ್ಸು ಬರುವ ಮೊದಲು, ಹೋಗುವ ಮೊದಲು. ಹತ್ತುವ ಏಣಿಯನ್ನು ಕೆಡವುವವರು ನಿನ್ನೆಯೇ ಕಿತ್ತಿದ್ದಾರೆ, ನಾಳೆ ದೊಡ್ಡ ಯಂತ್ರ ಬಂದು ಕಣಜವನ್ನೇ ಮಲಗಿಸುತ್ತದೆ, ಉಳಿದದ್ದು ಈ ಬೋನು, ಇದು ವಸೀಲನ ಬೋನು, ಕಂಪನಿಯವರು ಕಣಜ ಮುಚ್ಚುವ ತನಕ ದಿನಾ ಇದರಲ್ಲೇ ಹತ್ತಿ ಇಳಿಯುತ್ತಿದ್ದ ಅವಳ ಗಂಡ ವಸೀಲ, ಬೋನಿನ ಹಗ್ಗದ ಇನ್ನೊಂದು ತುದಿಗೆ ತನ್ನ ತೂಕಕ್ಕೆ ಸರಿಯಾಗಿ ಕಬ್ಬಿಣದ ತುಂಡುಗಳನ್ನು ತಾನೇ ಜೋಡಿಸಿಟ್ಟಿದ್ದ, ಅವಳು ಹತ್ತುವುದಾದರೆ ಅರ್ಧ ತೆಗೆಯಬೇಕಿತ್ತು, ಗೊತ್ತಿತ್ತು, ಎಷ್ಟು ಸಲ ನೋಡಿದ್ದಾಳೆ, ಆದರೂ ಗಡಿಬಿಡಿಯಲ್ಲಿ ಕಾಲಿನ ತಡೆ ಒತ್ತಿ ಬಿಡಿಸಿಬಿಟ್ಟಳು, ಆ ಕಬ್ಬಿಣ ದಡದಡ ಕೆಳಗಿಳಿದು ಇವಳನ್ನು ಎತ್ತಿ ಒಗೆಯಿತು, ಬೋನು ಎಲ್ಲೋ ಬಡಿದು ಓರೆಯಾಗಿ ನಿಂತಿತು, ಹಗ್ಗ ಜಗ್ಗಿದರೆ ಅಂಗೈ ಸುಲಿಯುತ್ತದೆ ವಿನಾ ಒಂದು ಗೇಣೂ ಇಳಿಯುವುದಿಲ್ಲ, ಅವಳನ್ನು ಹಿಡಿದಿರುವುದು ಗಂಡನ ತೂಕ, ಅವನಿಲ್ಲದೆಯೂ ಹಿಡಿದಿದೆ.

ಕೂಗಿದರೆ ಆಯಿತು. ರಸ್ತೆ ದಾಟಿದರೆ ಅಂಗಡಿ, ನೆಟ್ಟಿಗೆ ಕೇಳಿಸುತ್ತದೆ, ನೆಟ್ಟಿ ಓಡಿಬರುತ್ತಾಳೆ, ಬಂದು ಏನು ಮಾಡುತ್ತಾಳೆ, ಅಯ್ಯೋ ದೇವರೇ ಅನ್ನುತ್ತಾಳೆ, ಆಮೇಲೆ ವಸೀಲನಿಗೆ ಫೋನು ಮಾಡುತ್ತಾಳೆ, ಈ ಬೋನಿನ ಮರ್ಮ ಊರಲ್ಲಿ ಗೊತ್ತಿರುವುದು ಅವನೊಬ್ಬನಿಗೇ, ಅವನು ಬರುತ್ತಾನೆ, ನಿಧಾನವಾಗಿ, ಟೋಪಿ ತೆಗೆದು ಮೊಳೆಗೆ ನೇತುಹಾಕಿ, ಕಬ್ಬಿಣ ಒಂದೊಂದೇ ಇಳಿಸಿ ಅವಳನ್ನು ನೆಲಕ್ಕೆ ತರುತ್ತಾನೆ, ಬಯ್ಯುವುದಿಲ್ಲ, ಬೈದಿದ್ದರೆ ಎಷ್ಟು ಸುಲಭವಿತ್ತು, ಅಂಗೈ ತೋರಿಸು ಅನ್ನುತ್ತಾನೆ, ಮುಲಾಮು ಹಚ್ಚುತ್ತಾನೆ, ನಡಿ ಸ್ಟೆಫಾ, ಬೋರ್ಶ್ ಸಾರು ಬಿಸಿ ಮಾಡ್ತೀನಿ, ಕುಡಿದು ಸ್ವಲ್ಪ ಮಲಕ್ಕೋ ಅನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಒಮ್ಮೆ ಆ ಮೇಜಿನ ಮುಂದೆ ಕೂತು ಚಮಚ ಎತ್ತಿದಳೋ, ಬಸ್ಸೂ ಇಲ್ಲ, ದೂರದ ವಿಕ್ಟೋರಿಯಾ ಪಟ್ಟಣದ ಸಮುದ್ರವೂ ಇಲ್ಲ. ಪರ್ಲ್ ಸ್ಪಷ್ಟವಾಗಿ ಹೇಳಿದ್ದಾಳೆ ಫೋನಿನಲ್ಲಿ, ಒಂದೇ ಬೆಂಚಿನಲ್ಲಿ ಓದಿದ ಪರ್ಲ್, ಅಲ್ಲಿ ಫೋಟೋ ಸ್ಟುಡಿಯೋ ಇಟ್ಟವಳು — ನೋಡು ಕಣೇ, ಸೋಮವಾರ ಬಂದ್ರೆ ಕೆಲಸ ನಿಂದು, ಇಲ್ಲಾಂದ್ರೆ ಬೇರೆಯವರನ್ನ ಇಟ್ಕೋತೀನಿ, ಪ್ರತಿಸಲ ಮುಂದಿನ ವರ್ಷ ಮುಂದಿನ ವರ್ಷ ಅಂತೀಯಲ್ಲ, ಯಾವ ವರ್ಷ ಅದು. ಬಸ್ಸು ವಾರಕ್ಕೊಂದೇ, ಇವತ್ತೇ. ನೆಟ್ಟಿಗೆ ಬಿಟ್ಟು ಯಾರಿಗೂ ಹೇಳಿಲ್ಲ, ಟಿಕೆಟ್ ಹರಿಯುವವಳು ಅವಳೇ ಆದ್ದರಿಂದ ಹೇಳಲೇಬೇಕಾಯಿತು, ವಸೀಲನಿಗೆ ಹೇಳ್ಬೇಡ ನೆಟ್ಟಿ, ನಾನ್ಯಾಕೆ ಹೇಳ್ಲಿ, ನಿಮ್ಮನೆ ವಿಷ್ಯ ನಂಗ್ಯಾಕೆ, ಆದ್ರೂ ಪಾಪ ಕಣೇ ಅವನು, ಪಾಪ, ಎಲ್ಲರಿಗೂ ವಸೀಲನೇ ಪಾಪ. ಅವಳಿಗೂ. ಪಾಪ ಅನ್ನಿಸಿ ಅನ್ನಿಸಿಯೇ ತಲೆ ನರೆತಿದೆ. ನಿಂಗೇನು ಕಮ್ಮಿ ಮಾಡಿದ್ದೀನಿ ಎಂದು ಅವನು ಒಂದು ದಿನವೂ ಕೇಳಿಲ್ಲ, ಕೇಳಿದ್ದರೆ ಉತ್ತರ ಹುಡುಕಬಹುದಿತ್ತು. ಕಮ್ಮಿ ಏನೂ ಇಲ್ಲ, ಈ ಊರು ಅವಳ ಮೇಲೆ ಕೂತಿದೆ, ಅಷ್ಟೇ, ಯಾವುದನ್ನು ಕೆಡವುವುದಿದ್ದರೂ ಮೊದಲು ಅವಳಿಗೆ ಹೇಳಿಕಳಿಸುತ್ತಾರೆ, ಸ್ಟೆಫ್ಕಾ, ಶಾಲೆ ಕೆಡವ್ತಾರಂತೆ, ಬಂದು ಒಂದು ಫೋಟೋ ತೆಗಿ, ಸ್ಟೆಫ್ಕಾ, ಗಾಳಿ ತಡೆಯೋ ಗಿಡದ ಸಾಲು ಕೀಳ್ತಿದ್ದೀವಿ, ಹೊಸ ಯಂತ್ರ ತಿರುಗಲ್ಲ ಅಲ್ಲಿ, ಬಂದು ತೆಗಿ, ಬೆಳಿಗ್ಗೆ ಇವಳು ತೆಗೆದರೆ ಸಂಜೆಗೆ ಅಲ್ಲಿ ಬರೀ ಬಯಲು, ಗಾಳಿ ಅಡ್ಡಿಯಿಲ್ಲದೆ ಅಡುಗೆಮನೆಗೇ ಬರುತ್ತದೆ, ಪಕ್ಕದ ಹೊಲದ ಒರೆಸ್ಟ್ ಅಂತೂ ಎದುರಿಗೆ ಸಿಕ್ಕಾಗಲೆಲ್ಲ ಮುಖ ಮುಚ್ಚಿಕೊಳ್ಳುತ್ತಾನೆ, ಬೇಡಮ್ಮ ತಾಯಿ, ನನ್ ಫೋಟೋ ಬೇಡ, ನನ್ ಕೊಟ್ಟಿಗೆದೂ ಬೇಡ, ನಿನ್ ಕಣ್ಣು ಬಿದ್ದಿದ್ದು ಯಾವುದು ಉಳಿದಿದೆ ಹೇಳು. ತಮಾಷೆಗೇ ಅಂದದ್ದು. ಆದರೆ ಅವನ ಅಮ್ಮ ತೀರಿಕೊಂಡಾಗ ಕರೆದದ್ದೂ ಇವಳನ್ನೇ, ಚರ್ಚಿನ ಮುಂದೆ ತೆರೆದ ಪೆಟ್ಟಿಗೆಯ ಸುತ್ತ ಮನೆಯವರೆಲ್ಲ ಸಾಲಾಗಿ ನಿಂತರು, ಇವಳು ಏಣಿ ಹತ್ತಿದಳು, ಅಮ್ಮನ ಕೈ ಕಾಣೋ ಹಂಗೆ ತೆಗಿ ಸ್ಟೆಫ್ಕಾ, ಎಷ್ಟು ಹಿಟ್ಟು ನಾದಿದ ಕೈ ಅದು, ಇವಳು ತೆಗೆದಳು, ಏಣಿ ಅಲುಗದಂತೆ ಕೆಳಗೆ ಹಿಡಿದು ನಿಂತಿದ್ದವನು ವಸೀಲ, ಯಾವ ಪಟದಲ್ಲೂ ವಸೀಲ ಇಲ್ಲ, ಎಲ್ಲ ಪಟಕ್ಕೂ ಏಣಿ ಹಿಡಿದವನು ಅವನೇ — ಬೇಡ, ಅದನ್ನು ಈಗ ಯೋಚಿಸಬೇಡ, ಹಾಗೆ ಯೋಚಿಸಿಯೇ ಪ್ರತಿವರ್ಷ ಉಳಿದುಕೊಂಡೆ.

ಗೋಡೆಯ ಮೇಲೆ ಏನೋ ಅಲುಗಿತು. ಬಸ್ಸು. ಬಲದಿಂದ ಬರಬೇಕಾದ್ದು ಎಡದಿಂದ ಬಂತು, ಚಕ್ರ ಮೇಲೆ ಮಾಡಿಕೊಂಡು, ಸದ್ದು ಮಾತ್ರ ಸರಿಯಾಗಿಯೇ ಹೊರಗಿಂದ ಬಂತು, ಬ್ರೇಕಿನ ನಿಟ್ಟುಸಿರು, ಹಸಿರು ಬಾಗಿಲ ಮುಂದೆ ನಿಂತಿತು, ನೆಟ್ಟಿ ಹೊರಬಂದು ಅತ್ತ ಇತ್ತ ನೋಡುತ್ತಾಳೆ, ತನ್ನನ್ನೇ ಹುಡುಕುತ್ತಾಳೆ, ಇಲ್ಲಿದ್ದೀನಿ ಕಣೇ, ನಿನ್ನ ನೆತ್ತಿಯ ಮೇಲೆ, ಡ್ರೈವರು ಎರಡೂ ಕೈ ಅಗಲಿಸುತ್ತಾನೆ, ಅವನು ಅಡ್ಡ ಬಂದ ಬೀಡಾಡಿ ನಾಯಿಗೂ ಕಾಯುವವನಲ್ಲ, ಈಗ ಕೂಗಬೇಕು, ಕೂಗಿದರೆ ಬಸ್ಸು ನಿಲ್ಲಬಹುದು, ನಿಂತರೂ ಇಳಿಸುವವರು ಯಾರು, ಬಾಯಿ ತೆರೆದಳು, ಅಷ್ಟರಲ್ಲಿ ಗೋಡೆಯ ಅಂಚಿನಿಂದ ಕೆಂಪು ಗಾಡಿ ಬಂತು, ವಸೀಲನ ಕೆಂಪು ಗಾಡಿ, ಹೇಳಿಬಿಟ್ಟಳು, ನೆಟ್ಟಿ ಹೇಳಿಬಿಟ್ಟಳು, ಇಲ್ಲ, ಅವನೇ ಊಹಿಸಿರಬೇಕು, ಬೆಳಿಗ್ಗೆ ಇವಳು ಗಂಜಿಗೆ ಎರಡು ಸಲ ಉಪ್ಪು ಹಾಕಿದಾಗ ತಲೆ ಎತ್ತಿ ನೋಡಿದ್ದ, ಬಟ್ಟಲು ಖಾಲಿ ಮಾಡಿ ಎದ್ದಿದ್ದ. ಇಳಿದ. ತಲೆ ಕೆಳಗಾಗಿ ನಡೆಯುತ್ತಾನೆ, ನಿಧಾನವಾಗಿ, ಬಸ್ಸಿನ ಕಿಟಕಿ ಕಿಟಕಿಗೂ ಕೈ ಅಡ್ಡವಿಟ್ಟು ಇಣುಕುತ್ತಾನೆ, ಕರೆದುಕೊಂಡು ಹೋಗಲು ಬಂದಿದ್ದಾನೆ, ಕೈ ಹಿಡಿದು ಇಳಿಸಲು, ಬೋರ್ಶ್ ಕುಡಿಸಲು, ಒಳ್ಳೆಯದಾಯಿತು ತಾನು ಅದರಲ್ಲಿಲ್ಲ, ಅವಳಿಗೆ ಸಿಟ್ಟು ಬಂತು, ಸಿಟ್ಟಿನ ನಡುವೆಯೇ ಕಣ್ಣು ನೋಡಿತು, ಅವನ ತೋಳಿನ ಮೇಲೆ ಕಂದು ಬಣ್ಣದ್ದೇನೋ ಮಡಚಿ ಹಾಕಿಕೊಂಡಿದ್ದಾನೆ, ಬೆಳ್ಳನೆ ಕೊರಳಪಟ್ಟಿ, ಮೊಲದ ತುಪ್ಪಟದ್ದು, ತನ್ನ ಚಳಿಗಾಲದ ಕೋಟು. ತೆಗೆದುಕೊಂಡರೆ ಗೊತ್ತಾಗುತ್ತದೆಂದು ಬಾಗಿಲ ಹಿಂದೆಯೇ ಬಿಟ್ಟುಬಂದ ಕೋಟು. ಕರೆದೊಯ್ಯಲು ಬಂದವನು ಕೋಟು ಯಾಕೆ ತರುತ್ತಾನೆ. ಇಷ್ಟೇನಾ, ಇಷ್ಟು ವರ್ಷ ಒಂದು ಮಾತು ಕೇಳಿದ್ದರೆ ಇಷ್ಟೇ ಆಗುತ್ತಿತ್ತಾ, ಹೋಗಿ ಬಾ, ಚಳಿಯಿದೆ, ಕೋಟು ಹಾಕ್ಕೋ ಅನ್ನುತ್ತಿದ್ದನಾ, ಅವನ ಮೌನವನ್ನು ಹೋಗಬೇಡ ಎಂದು ತಾನೇ ಓದಿಕೊಂಡೆನಾ, ಅಳು ಬಂತು, ಅಳು ದೂಳಿನ ಮೇಲೆ ಗೆರೆ ಎಳೆಯಿತು, ಗೋಡೆಯ ಮೇಲೆ ಅವನು ಕೊನೆಯ ಕಿಟಕಿಯನ್ನೂ ನೋಡಿ ಮುಗಿಸಿ ಮುಂದಿನ ಬಾಗಿಲಿಗೆ ಬಂದ, ಡ್ರೈವರು ಕೈಗಡಿಯಾರ ತೋರಿಸುತ್ತಾನೆ, ಬಾಗಿಲು ಮುಚ್ಚುತ್ತಾ ಬಂತು, ವಸೀಲ ಒಂದು ಕಾಲು ಎತ್ತಿ ಬಸ್ಸಿನ ಮೆಟ್ಟಿಲ ಮೇಲೆ ಇಟ್ಟ. ಬಾಗಿಲು ಅವನ ಮೊಣಕಾಲಿಗೆ ತಾಗಿ ನಿಂತಿತು. ಅವನ ಮಾತು ಗಾಳಿಯಲ್ಲಿ ತೇಲಿ ಕಣಜದೊಳಗೂ ಬಂತು, ಬರ್ತಾಳಪ್ಪ, ತಡ ಮಾಡೋಳಲ್ಲ ಅವಳು, ಎಲ್ಲೋ ಏನೋ ಫೋಟೋ ತೆಗೀತಾ ನಿಂತಿರ್ತಾಳೆ, ಬರ್ತಾಳೆ ಇರು. ಹೊರಡ್ಬೇಕು ಕಣ್ರೀ ನಾನು. ಇರು ಅಂದೆನಲ್ಲ. ಇಷ್ಟು ಒರಟಾಗಿ ಅವನು ಯಾರ ಜೊತೆಯೂ ಮಾತಾಡಿದ್ದಿಲ್ಲ. ವಸೀಲ್, ಅವಳ ನಾಲಗೆಯ ತುದಿಗೆ ಬಂತು, ವಸೀಲ್ ನಾನಿಲ್ಲಿದ್ದೀನಿ, ತೂತು ತಲೆಯ ಮೇಲೇ ಇದೆ, ಕೂಗಿದರೆ ನೇರ ಅವನ ಕಿವಿಗೆ, ಕೇಳಿದ್ದೇ ತಡ ಓಡಿಬರುತ್ತಾನೆ, ಕೋಟು ನೆಲಕ್ಕೆ ಬಿಸಾಡಿ ಓಡಿಬರುತ್ತಾನೆ, ಬಂದನೆಂದರೆ ಆ ಕಾಲು ಮೆಟ್ಟಿಲಿನಿಂದ ಇಳಿಯುತ್ತದೆ, ಇಳಿದರೆ ಬಸ್ಸು ಹೋಗುತ್ತದೆ, ಕೂಗದಿದ್ದರೂ ಹೋಗುತ್ತದೆ, ಇನ್ನೊಂದು ಗಳಿಗೆ, ಆಮೇಲೆ ಹೋಗಿಯೇ ಹೋಗುತ್ತದೆ, ಅವಳು ಸುಲಿದ ಅಂಗೈಯನ್ನು ಬಾಯಿಗೆ ಒತ್ತಿ ಹಿಡಿದಳು, ಗೋಡೆಯ ಮೇಲೆ ಎಲ್ಲವೂ ನಿಂತಿದೆ, ನೆಟ್ಟಿ ನಿಂತಿದ್ದಾಳೆ, ಬಸ್ಸು ಗುರುಗುಟ್ಟುತ್ತಾ ನಿಂತಿದೆ, ವಸೀಲ ಮನೆಯ ದಾರಿಯನ್ನೇ ನೋಡುತ್ತಾ ನಿಂತಿದ್ದಾನೆ, ಮೆಟ್ಟಿಲ ಮೇಲೆ ಅವನ ಕಾಲು, ಕೆಸರು ಮೆತ್ತಿದ ಬೂಟು, ಆ ಕಾಲು, ಮೆಟ್ಟಿಲ ಮೇಲೆ ಆ ಒಂದು ಕಾಲು