ಚಿಪ್ಪು ಹುದುಗಿದ ಕಲ್ಲು

ರುದ್ರೇಶ ಸಿಸಿಲಿಯ ಹಳೆಯ ಗುಡಿಯೊಂದರ ಕಂಬದಿಂದ ಅಂಗೈಯಗಲದ ಕಲ್ಲನ್ನು ಒಡೆದು ತಂದು ತನ್ನ ತಾಯಿಯ ಪೂಜೆಯ ಚೀಲದಲ್ಲಿ ಇಟ್ಟಿದ್ದಾನೆ. ನಾಯಿ ಬರುತ್ತಿದೆ, ಗಿಡ್ಡ ಕಾಲಿನ ಕಂದು ನಾಯಿ, ಬೆನ್ನಿಗೆ ಹಸಿರು ಅಂಗಿ, ಜೋಲುಗಿವಿಗಳಿಂದ ಆಕ್ಲೆಂಡ್ ವಿಮಾನ ನಿಲ್ದಾಣದ ನೆಲ ಒರೆಸುತ್ತಾ, ಒಂದೊಂದು ಚೀಲಕ್ಕೂ ಮೂಗು ಹಚ್ಚುತ್ತಾ, ಲಗೇಜಿನ ಬೆಲ್ಟು ಸುತ್ತುತ್ತಿದೆ, ನಮ್ಮ ನೀಲಿ ಸೂಟ್‌ಕೇಸು ಇನ್ನೂ ಬಂದಿಲ್ಲ, ಅತ್ತೆ ಶಾಂತವ್ವ ನಿಲ್ದಾಣದವರು ಕೊಟ್ಟ ಗಾಲಿಕುರ್ಚಿಯಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತು ನಾಯಿಯನ್ನು ನೋಡಿ ನಗುತ್ತಾರೆ, ಎಷ್ಟ ಶಾಣ್ಯಾ ಐತಿ ನೋಡ ವಿಜಿ, ಡ್ಯೂಟಿ ಮ್ಯಾಲ ಬಂದೈತಿ ಇದು, ನಿನ್ನ ಗಂಡಗಿಂತ ಚುರುಕ ಐತಿ — ಅವರಿಗೆ ಗೊತ್ತಿಲ್ಲ, ವಿಭೂತಿ ಗಟ್ಟಿಯ ಪಕ್ಕದ ಬಿಳಿ ಬಟ್ಟೆಯ ಗಂಟಿನಲ್ಲಿ ಏನಿದೆ ಎಂದು ಗೊತ್ತಿಲ್ಲ, ನನಗೆ ಗೊತ್ತು, ವಿಮಾನದಲ್ಲಿ ಅವರು ನಿದ್ದೆ ಹೋದಾಗ ರುದ್ರೇಶ ನನ್ನ ಕಿವಿಯಲ್ಲಿ ಹೇಳಿದ, ಪೂಜಿ ಸಾಮಾನಿಗೆ ಯಾರೂ ಕೈ ಹಚ್ಚೂದಿಲ್ಲ, ಹಚ್ಚಿದ್ರ ಅವ್ವನ ದೇವರ ಕಲ್ಲು ಅಂತ ಹೇಳು, ಅಕಿಗೆ ಇಂಗ್ಲಿಷ್ ಬರೂದಿಲ್ಲ, ನೀನ ಹೇಳಬೇಕು, ಪೌರತ್ವದ ಅರ್ಜಿ ಹಾಕೀವಿ, ನೆನಪಿರಲಿ. ನಾನು ಕಿಟಕಿಗೆ ತಿರುಗಿದೆ, ಆಚೆ ಬರೀ ಮೋಡ, ಕಣ್ಣು ಮುಚ್ಚಿದರೆ ಆ ಚಿಪ್ಪು, ಕಲ್ಲಿನೊಳಗೆ ಹುದುಗಿ ಕೂತ ಉಗುರಿನಷ್ಟು ಕಡಲ ಚಿಪ್ಪು.

ಸಮುದ್ರ ನನಗೆ ಹೊಸದಲ್ಲ, ಟೌರಂಗಾದ ನಮ್ಮ ಮನೆಯ ಅಡುಗೆಮನೆ ಕಿಟಕಿಯಿಂದಲೇ ಕಾಣುತ್ತದೆ, ಬಂದರಿನ ಕ್ರೇನುಗಳ ಹಿಂದೆ, ರುದ್ರೇಶ ಕೆಲಸ ಮಾಡುವ ಬಂದರು, ಆದರೂ ಈ ಪ್ರವಾಸದಲ್ಲಿ, ಸಿಸಿಲಿಗಿಂತ ಮೊದಲು, ಅಮಾಲ್ಫಿಯ ದಾರಿಯಲ್ಲಿ ಬಸ್ಸು ಬಂಡೆಯ ಅಂಚಿಗೆ ತಿರುಗಿದ ಕೂಡಲೇ ಬಾಯಿ ತಾನಾಗಿ ತೆರೆಯಿತು, ಅಷ್ಟು ಕೆಳಗೆ ಅಷ್ಟು ನೀಲಿ, ಗೋಡೆಗೂಡಿನಲ್ಲಿ ಪಾತ್ರೆ ಜೋಡಿಸಿಟ್ಟ ಹಾಗೆ ಒಂದರ ತಲೆಯ ಮೇಲೊಂದು ಮನೆ, ಕೇಸರಿ, ಹಳದಿ, ಸುಣ್ಣದ ಬಿಳಿ, ಅವರು ಹಾಲು ಎಲ್ಲಿಂದ ತರತಾರವಾ, ದಿನಾ ಹತ್ತಿ ಇಳೀಬೇಕಲ್ಲ, ಎಂದು ಅತ್ತೆಯ ಚಿಂತೆ, ಮೆಟ್ಟಿಲ ತೋಟದಲ್ಲಿ ಲಿಂಬೆ, ಆ ತೋಟದ ಮುದುಕಿ ಬೇಲಿಯ ಮೇಲಿಂದ ಕೈಚಾಚಿ ತೆಂಗಿನಕಾಯಿ ಗಾತ್ರದ ಹಣ್ಣೊಂದನ್ನು ಅತ್ತೆಯ ಕೈಗಿಟ್ಟಳು, ಇಬ್ಬರೂ ಕೈ ಹಿಡಿದು ನಿಂತು ತಂತಮ್ಮ ಭಾಷೆಯಲ್ಲಿ ಮೊಣಕಾಲು ನೋವಿನ ಕಥೆ ಹೇಳಿಕೊಂಡರು, ಮೊಣಕಾಲು ಮುಟ್ಟಿ ತೋರಿಸಿ ನಕ್ಕರು, ಆ ಹಣ್ಣು ಆಮೇಲೆ ಕಾಣಲಿಲ್ಲ, ಹೋಟೆಲಿನಲ್ಲೇ ಉಳಿದಿರಬೇಕು — ಮತ್ತೆ ಹಡಗು, ಸಿಸಿಲಿ, ಸಿರಾಕೂಸಾದ ಚರ್ಚು, ಒಳಗೆ ಕಾಲಿಟ್ಟು ಪಕ್ಕದ ಗೋಡೆ ನೋಡಿದೆ, ಗೋಡೆಯೊಳಗಿಂದ ಕಂಬಗಳು ಉಬ್ಬಿ ನಿಂತಿವೆ, ಗ್ರೀಕರ ದೇವಿಯ ಗುಡಿಯ ಕಂಬಗಳು, ಕೆಡವದೆ, ಒಯ್ಯದೆ, ನಡುವೆ ಗೋಡೆ ತುಂಬಿ ಅದರೊಳಗೇ ಚರ್ಚು ಮಾಡಿಕೊಂಡಿದ್ದಾರೆ, ಎರಡೂವರೆ ಸಾವಿರ ವರ್ಷದಿಂದ ಅದೇ ಕಂಬ ಯಾರದೋ ಒಬ್ಬ ದೇವರ ಚಾವಣಿಯನ್ನು ಹೊತ್ತಿದೆ, ನನ್ನ ಮೈ ಜುಮ್ಮೆಂದಿತು, ಬಾದಾಮಿ ಹತ್ತಿರದ ನನ್ನ ತವರೂರಿನಲ್ಲಿ ಹೀಗೇ, ಹಳೆಯ ಗುಡಿಯ ಕಟ್ಟೆಯ ಮೇಲೆ ಚಿಗವ್ವ ಮೆಣಸಿನಕಾಯಿ ಒಣಗಿಸುತ್ತಿದ್ದಳು, ಗುಡಿಗೆ ಬೇಸರವಿರಲಿಲ್ಲ, ನಮಗೂ ಇರಲಿಲ್ಲ.

ಆಮೇಲೆ ಸಿಸಿಲಿಯದೇ ಇನ್ನೊಂದು ಊರು, ಸೆಲಿನುಂತೆ. ಕಡಲ ದಂಡೆಯ ಬಯಲು, ಹಳದಿ ಹೂವಿನ ಕಾಡುಗಿಡ, ನಡುವೆ ಬಿದ್ದ ಗುಡಿ, ಒಂದೊಂದು ಕಂಬದ ತುಂಡೂ ನನ್ನೆತ್ತರ, ಬೀಸುಕಲ್ಲಿನ ಬಿಲ್ಲೆಗಳನ್ನು ಯಾರೋ ಸಾಲಾಗಿ ಉರುಳಿಸಿದಂತೆ, ಭೂಮಿ ಅಲುಗಾಡಿ ಬಿದ್ದದ್ದಂತೆ, ಬಿದ್ದರೂ ಸಾಲು ತಪ್ಪಿಲ್ಲ, ಅತ್ತೆ ಚಪ್ಪಲಿ ಬಿಟ್ಟು ಮುಳ್ಳಿನ ಮೇಲೆ ಬರಿಗಾಲಲ್ಲಿ ನಡೆದರು, ಚಪ್ಪಲಿ ನನ್ನ ಕೈಯಲ್ಲಿ, ಮನಿಷಾರು ಕಟ್ಯಾರೇನ ಇದನ್ನ, ಇದಕ್ಕ ಬಾಗಲಾ ಕೂಡಸಬೇಕಂದ್ರ ನಮ್ಮ ಬಡಗ್ಯಾ ಊರು ಬಿಟ್ಟ ಓಡತಿದ್ದ ನೋಡು, ಅಂದವರು ಕಂಬದ ಮುಂದೆ ನಿಂತು ಕೈ ಎತ್ತಿ ಮತ್ತೆ ಹಿಂದಕ್ಕೆ ತೆಗೆದರು, ಮುಟ್ಟಬಹುದೇನ, ಕಾವಲಿನವನನ್ನ ಕೇಳು — ಕೇಳಿದೆ, ಆತ ನಕ್ಕು ತಲೆಯಾಡಿಸಿದ, ಆಮೇಲಷ್ಟೇ ಮುಟ್ಟಿದರು, ಎರಡೂ ಅಂಗೈ ಹಚ್ಚಿ, ಬೆಚ್ಚಗೈತಿ ವಿಜಿ, ಆಕಳ ಮೈಯಂಗ ಐತಿ, ನಾನೂ ಮುಟ್ಟಿದೆ, ಕಲ್ಲಿನ ತುಂಬ ಸಣ್ಣ ಸಣ್ಣ ಚಿಪ್ಪು, ಈ ಕಲ್ಲೇ ಒಂದು ಕಾಲಕ್ಕೆ ಕಡಲ ತಳ, ಕಡಲು ಕಲ್ಲಾಗಿ, ಕಲ್ಲು ಗುಡಿಯಾಗಿ, ಗುಡಿ ಮತ್ತೆ ಕಡಲನ್ನು ನೋಡುತ್ತಾ ಮಲಗಿದೆ, ನನ್ನ ಕಣ್ಣು ತುಂಬಿ ಬಂತು, ಅತ್ತೆ ಕಾವಲಿನವನ ಜೊತೆ ಮುಂದಿನ ಕಂಬಗಳತ್ತ ಹೋದರು, ಆಗ ಹಿಂದಿನಿಂದ ಟಕ್. ಇನ್ನೊಂದು ಟಕ್. ತಿರುಗಿದರೆ ರುದ್ರೇಶ ಕೂತಿದ್ದಾನೆ, ಕೈಯಲ್ಲೊಂದು ಗುಂಡುಕಲ್ಲು, ಕಂಬದ ಅಂಚಿನಲ್ಲಿ ಹಸಿ ಗಾಯ, ಕೊಬ್ಬರಿಯಷ್ಟು ಬಿಳಿ, ಅಂಗೈಯಲ್ಲಿ ಚೂರು, ಚೂರಿನ ನಡುವೆ ಚಿಪ್ಪು, ಏನ್ ಮಾಡಿದ್ರೀ ಇದು, ಅಂದೆ, ಇಷ್ಟ ಕಲ್ಲ ಬಿದ್ದಾವ, ಅಂದ ಅವನು, ಒಂದ ಚೂರಿಗೆ ಏನಾಕ್ಕೈತಿ, ಷೋಕೇಸಿನಾಗ ಇಡೂಣು, ಚಂದ ಕಾಣತೈತಿ. ಷೋಕೇಸು! ಇವನೇನಾ ಅವನು, ಧಾರವಾಡದ ಶನಿವಾರದ ಓದುಕೂಟದಲ್ಲಿ ಎದ್ದು ನಿಂತು ನಮ್ಮೂರ ಗುಡಿಯ ತಲೆಯಿಲ್ಲದ ದೇವಿಯ ಬಗ್ಗೆ ಮಾತಾಡಿದವನು, ಬಿಳಿ ದೊರೆಗಳು ನಾಡನ್ನಷ್ಟೇ ಅಲ್ಲ, ನಾಡಿನ ತಲೆಯನ್ನೂ ಕಡಿದು ಗಾಜಿನ ಪೆಟ್ಟಿಗೆಯಲ್ಲಿಟ್ಟರು, ಕದ್ದವನ ಮನೆಯಲ್ಲಿ ಚಂದ ಕಂಡರೆ ಕದ್ದದ್ದು ಕಲೆಯಾಗುತ್ತದೆಯೇ ಎಂದು ಗುಡುಗಿದವನು, ಆ ದನಿಯನ್ನೇ ಅಲ್ಲವೇ ನಾನು ಮದುವೆಯಾದದ್ದು, ಟೌರಂಗಾದ ಮೌವಾವೊ ಗುಡ್ಡ ಹತ್ತುವಾಗ ಹಣ್ಣು ಡಬ್ಬಿಗೆ ತುಂಬುವ ಪ್ಯಾಕ್‌ಹೌಸಿನಲ್ಲಿ ನನ್ನ ಜೊತೆ ಕಿವಿಫ್ರೂಟ್ ಆರಿಸುವ, ಆ ನೆಲದ ಮೂಲನಿವಾಸಿ ಗೆಳತಿ ಮೆರೆ ಹೇಳಿರಲಿಲ್ಲವೇ, ಈ ಗುಡ್ಡ ನಮ್ಮ ಹಿರಿಯ, ಇಲ್ಲಿಂದ ಕಲ್ಲು ಜೇಬಿಗೆ ಹಾಕಬೇಡಿ, ಅವಳ ಹಿರಿಯರ ನೆಲವನ್ನು ಬಿಳಿಯರು ಬಂದೂಕು ಹಿಡಿದು ಕಿತ್ತುಕೊಂಡಿದ್ದರಂತೆ, ಅಂದು ರುದ್ರೇಶ ಎಷ್ಟು ಗಂಭೀರವಾಗಿ ತಲೆಯಾಡಿಸಿದ್ದ, ಆ ತಲೆ ಯಾವುದು, ಈ ಕೈ ಯಾರದು.

ನಾಯಿ ಕೂತಿತು. ನಮ್ಮ ಮುಂದೆಯೇ, ಅತ್ತೆಯ ಕಾಲ ಹತ್ತಿರ, ಬಾಲ ಅಲ್ಲಾಡಿಸುತ್ತಾ, ಮಡಿಲ ಚೀಲವನ್ನೇ ನೋಡುತ್ತಾ, ರುದ್ರೇಶ ಗಾಲಿಕುರ್ಚಿಯ ಹಿಡಿ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ, ಕಲ್ಲಿಗೂ ವಾಸನೆ ಇರುತ್ತದೆಯೇ, ನಾಯಿಯ ಹಗ್ಗ ಹಿಡಿದ ಅಧಿಕಾರಿ ಹುಡುಗಿ ನಗುತ್ತಲೇ ಚೀಲ ಕೇಳಿ ತೆಗೆದುಕೊಂಡು ಪಕ್ಕದ ಮೇಜಿಗೆ ಕರೆದಳು, ಜಿಪ್ಪು ಎಳೆದಳು, ಲಿಂಬೆಹಣ್ಣು, ಅಮಾಲ್ಫಿಯ ಮುದುಕಿಯ ಲಿಂಬೆಹಣ್ಣು, ನಾಯಿ ಮೂಸಿದ್ದು ಇದನ್ನೇ, ಹೊರಗಿನ ಹಣ್ಣು ಈ ದೇಶದೊಳಗೆ ತರುವಂತಿಲ್ಲ, ಅಯ್ಯ ಅದು ಬ್ಯಾನಿ ಮರತ ಕೊಟ್ಟಾಳವಾ ಆ ಮುದುಕಿ, ಬಿಟ್ಟ ಬರಾಕ ಮನಸ ಆಗಲಿಲ್ಲ, ಅತ್ತೆಯ ಮುಖ ಸಣ್ಣದಾಯಿತು, ಹುಡುಗಿ ಹಣ್ಣನ್ನು ಎರಡೂ ಕೈಯಲ್ಲಿ ತೂಗಿ ಬೆರಗಾಗಿ, ಇಷ್ಟು ದೊಡ್ಡದು ನಾನು ಕಂಡೇ ಇಲ್ಲ ಎಂದು ಪಕ್ಕಕ್ಕಿಟ್ಟಳು, ವಿಭೂತಿ ನೋಡಿದಳು, ಬಿಳಿ ಗಂಟು ಬಿಚ್ಚಿದಳು. ಟ್ಯೂಬ್‌ಲೈಟಿನ ಕೆಳಗೆ ಚೂರು, ಅಂಚಿನಲ್ಲಿ ಸೆಲಿನುಂತೆಯ ಕೆಂಪು ಮಣ್ಣು, ನಡುವೆ ಚಿಪ್ಪು. ಇದೇನೆಂದು ಅಜ್ಜಿಯನ್ನು ಕೇಳುತ್ತೀರಾ, ಅಂದಳು ನನಗೆ. ನಾನು ಕೇಳುವ ಮೊದಲೇ ಅತ್ತೆ ಬಾಗಿ ನೋಡಿದರು, ಬಹಳ ಹೊತ್ತು, ಇದು ಆ ಕಂಬದ್ದಲ್ಲೇನ, ನನ್ನ ಚೀಲದಾಗ ಹೆಂಗ ಬಂತು, ಅಂದರು, ಕೈ ಎದೆಯ ಮೇಲಿನ ಬೆಳ್ಳಿ ಕರಡಿಗೆಗೆ ಹೋಯಿತು, ನನ್ನ ಲಿಂಗ ಇಲ್ಲೈತಿ, ಕೊಳ್ಳಾಗ ಐತಿ, ಇದು ನಂದಲ್ಲ, ಯಾರೋ ತಮ್ಮ, ಯಾರ ಮುರದ್ರು ಇದನ್ನ — ಮಗನನ್ನೇ ಕೇಳುತ್ತಿದ್ದಾರೆ, ಮಗ ತಾಯಿಯ ಕಡೆ ನೋಡುತ್ತಿಲ್ಲ, ನನ್ನ ಕಡೆ ನೋಡುತ್ತಿದ್ದಾನೆ, ತುಟಿ ಅಲ್ಲಾಡದಂತೆ ಅನ್ನುತ್ತಿದ್ದಾನೆ, ವಿಜಿ, ಅವ್ವನ ದೇವರ ಕಲ್ಲು ಅನ್ನು, ಅಷ್ಟ ಅನ್ನು, ಬಿಡತಾರ, ಪೌರತ್ವ, ನೌಕರಿ, ಮನಿ, ಎಲ್ಲಾ ನಿನ್ನ ಬಾಯಾಗ ಐತಿ, ಹೌದು ನನ್ನ ಬಾಯಿಯಲ್ಲಿದೆ, ಕಂಬ ಮುಟ್ಟಲು ಅಪ್ಪಣೆ ಕೇಳಿದ ತಾಯಿಯ ತಲೆಗೆ, ಕಂಬ ಒಡೆದ ಮಗನ ಕಳವನ್ನು ಕಟ್ಟುವ ಒಂದು ವಾಕ್ಯ, ಇಂಗ್ಲಿಷಿನಲ್ಲಿ ಮೂರೋ ನಾಲ್ಕೋ ಶಬ್ದ, ಹುಡುಗಿ ಕಾಯುತ್ತಿದ್ದಾಳೆ, ನಾಯಿ ಕಾಯುತ್ತಿದೆ, ಟಕ್, ಕಂಬದ ಬಿಳಿ ಗಾಯ ಅಲ್ಲಿ ಬಿಸಿಲಿನಲ್ಲಿ ಹಾಗೇ ತೆರೆದಿದೆ, ಅನ್ನು ವಿಜಿ, ಅನ್ನು —

ಇಲ್ಲ ರೀ, ಅನ್ನೂದಿಲ್ಲ, ಅಂದೆ, ಜೋರಾಗಿ, ಕನ್ನಡದಲ್ಲೇ, ಕಣ್ಣು ಮಾತ್ರ ಮೇಜಿನ ಮೇಲೆ, ಚಿಪ್ಪಿನ ಮೇಲೆ, ಉಗುರಿನಷ್ಟು ಆ ಚಿಪ್ಪಿನ ಮೇಲೆ.