ಮೈಕ್‌ಸೆಟ್ಟಿನವನ ಹೆಂಡತಿಯ ಹಾಡು

ಊರಿನ ಯಾವ ಸಮಾರಂಭಕ್ಕೆ ಯಾವ ಹಾಡು ಎಂದು ಮೈಕ್‌ಸೆಟ್ಟಿನ ಯಜಮಾನನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ವಿಷಯದಲ್ಲಿ ಅವನ ಮಾತೇ ಮಾತು. ಹಾಗಾಗಿ ಆಸ್ಪತ್ರೆಯ ರೇಡಿಯೇಷನ್ ಕೋಣೆಯ ಹುಡುಗಿ ಅವನ ಹೆಂಡತಿಯನ್ನು, "ಒಳಗೆ ನೀವೊಬ್ಬರೇ ಅಲ್ಲಾಡದೆ ಮಲಗಿರ್ಬೇಕಮ್ಮ. ಇಷ್ಟದ ಹಾಡು ಕೇಳ್ತಿದ್ರೆ ಭಯ ಕಮ್ಮಿ ಆಗತ್ತೆ. ಏನು ಹಾಕ್ಲಿ?" ಎಂದು ಕೇಳಿದರೆ, ಉತ್ತರ ಬಂದದ್ದು ಇವನ ಬಾಯಿಂದ.

"ಕೊಳಲು ಹಾಕಮ್ಮ. ನಮ್ಮನೇಲಿ ಬೆಳಗಾದ್ರೆ ಅದೇ."

ಹೆಂಡತಿ ಹೋಗಿ ಯಂತ್ರದಡಿಯ ಹಲಗೆಯ ಮೇಲೆ ಮಲಗಿದಳು.

ಮುಖಕ್ಕೆ ಬಲೆಯಂಥ ಮಾಸ್ಕ್ ಬಿಗಿದರು, ಬಾಗಿಲು ಮುಚ್ಚಿದರು, ಕೊಳಲು ಶುರುವಾಯಿತು. ಸ್ವಲ್ಪ ಹೊತ್ತಿಗೇ ಅವಳು ಗಾಬರಿಯಿಂದ ಕೈ ಬೀಸಿದಳು. ಯಂತ್ರ ನಿಲ್ಲಿಸಿ, ಸಮಾಧಾನ ಹೇಳಿ, ಮತ್ತೆ ಮಲಗಿಸಿದರು. ಮತ್ತೆ ಅದೇ ಕತೆ. ಚಿಕಿತ್ಸೆ ಮುಂದೂಡುವಂತಿರಲಿಲ್ಲ, ಗಂಟಲಿನ ಗಡ್ಡೆ ಕಾಯುತ್ತ ಕೂರುವಂಥದ್ದಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಹುಡುಗಿ ಹೊರಗೆ ಬಂದಳು. "ಸರ್, ಮನೇಲಿ ಅಮ್ಮ ತಾವಾಗೇ ಯಾವ ಹಾಡು ಕೇಳ್ತಾರೆ?"

ಅವನು ನೆನಪು ಕೆದಕಿದ. ಅವರಿಬ್ಬರ ಮದುವೆಯಾಗಿ, ಮಕ್ಕಳ ಮದುವೆಯೂ ಆಗಿತ್ತು. ಮನೆ ತುಂಬ ಸ್ಪೀಕರುಗಳು. ಅಡುಗೆಮನೆಯಲ್ಲಿ ಅವಳೇನೋ ಗುನುಗಿದಾಗ, "ಶ್ರುತಿ ಎಲ್ಲೋ, ನೀನೆಲ್ಲೋ" ಎಂದು ನೆಂಟರೆದುರೇ ಗೇಲಿ ಮಾಡಿದ್ದು ನೆನಪಿತ್ತು. ಗುನುಗಿದ್ದು ಏನು? ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಥೂ, ನಾನೆಂಥ ಮನುಷ್ಯ ಎನಿಸಿ ಕಿವಿಯೆಲ್ಲ ಬಿಸಿಯಾಯಿತು.

ಒಳಗೆ ಹೋಗಿ ಕೇಳಿದ, "ನಿಂಗ್ಯಾವುದು ಬೇಕೇ?"

ಅವಳ ಕೆನ್ನೆಯ ಮೇಲೆ ಮಾಸ್ಕಿನ ಗುರುತು ಮೂಡಿತ್ತು. ಹುಡುಗಿಯತ್ತ ನೋಡಿದಳು, ಇವನತ್ತ ನೋಡಿದಳು.

"ಹೇಳ್ತೀನಿ. ನೀವು ಒಂಚೂರು ಹೊರಗೆ ಹೋಗ್ರೀ. ಕೇಳಿದ್ರೆ ನಗ್ತೀರ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ನೆಲ ನೋಡುತ್ತ ಹೊರಗೆ ಬಂದ.

ಹುಡುಗಿಯ ಮೇಜಿನ ಸ್ಪೀಕರಿನಿಂದ ಹಾಡು ಹೊರಗೂ ಕೇಳಿಸಿತು. ಯಾರೋ ಹೆಂಗಸು ಮೆಲ್ಲನೆ, ತನ್ನಷ್ಟಕ್ಕೇ ಎಂಬಂತೆ ಹಾಡುತ್ತಿದ್ದಳು. ಇವನು ಒಂದು ದಿನವೂ ಯಾರಿಗೂ ಹಾಕಿದ ಹಾಡಲ್ಲ. ಈ ಸಲ ಯಂತ್ರ ನಿಲ್ಲಲಿಲ್ಲ. ಅಬ್ಬಾ, ಎಂದು ಉಸಿರು ಬಿಟ್ಟ.

ಬೆಂಚಿನ ಮೇಲಿದ್ದವನೊಬ್ಬ ತಲೆದೂಗಿದ. "ಎಷ್ಟು ಹಿತವಾಗಿದೆ! ಮೈಕ್‌ಸೆಟ್ಟಿನೋರು ನೀವೇ ಅಲ್ವಾ? ಆರಿಸಿದ್ದೂ ನೀವೇ ಇರ್ಬೇಕು."

"ಹೌದು" ಎಂದುಬಿಟ್ಟ, ರೂಢಿಬಲದಿಂದ.

ಅಯ್ಯೋ, ಅವಳಿಗೆಂದು ಇದ್ದ ಈ ಒಂದು ಹಾಡನ್ನೂ ಕಸಿದುಕೊಂಡೆನಲ್ಲ! ನಾಚಿಕೆಯಿಂದ ಹಿಡಿಯಷ್ಟಾಗಿಹೋದ. ಅಲ್ಲ, ನನ್ನ ಹೆಂಡತಿ ಆರಿಸಿದ್ದು ಎಂದು ತಿದ್ದಿಕೊಳ್ಳುವಷ್ಟರಲ್ಲಿ ಡಾಕ್ಟರ ಕೋಣೆಯಿಂದ ಆತನಿಗೆ ಕರೆ ಬಂದು, ಅವನು ಎದ್ದು ಹೋಗಿದ್ದ.